ಕೊಬ್ಬರಿ ಎಣ್ಣೆ ಗಟ್ಟಿಯಾಯ್ತು, ಮಕ್ಳು ಏಳ್ತಿಲ್ಲ: ಚಳಿಗಾಲದ ಆಟ-ಹಾಡಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಚಿಕ್ಕ ಮಕ್ಳ ಆಟದ ಬಗ್ಗೆ ಏನು ಬೇಕಾದ್ರೂ ಕೇಳಿ ಅಂದಿದ್ದೆ, ಬಂದಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಚಳಿ ಬಗ್ಗೇನೇ ಇದೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯಿಂದ ಬಂದಿರೋ ಆರು ಪ್ರಶ್ನೆ ಆರಿಸ್ಕೊಂಡಿದೀನಿ. ನಾನೂ ಇದೇ ಕಡೆಯವಳು, ನರ್ಸರಿ ಮಕ್ಳ ಜೊತೇನೇ ಕೆಲಸ ಮಾಡಿ ರಿಟೈರ್ ಆದವಳು, ಇಲ್ಲಿನ ಚಳಿ ಹೆಂಗಿರುತ್ತೆ ಅಂತ ಮೈಗೇ ಗೊತ್ತು.

ಪ್ರಶ್ನೆ: ಟೀಚರಮ್ಮ ನಮಸ್ತೆ. ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳೀಲಿ ಅಂಗನವಾಡಿ ಕಾರ್ಯಕರ್ತೆ. 18 ಮಕ್ಳಿದಾರೆ, 3ರಿಂದ 5 ವರ್ಷದೋರು. ಡಿಸೆಂಬರ್ ಬಂತಂದ್ರೆ ಸ್ವೆಟರ್, ಮಂಕಿ ಕ್ಯಾಪ್ ಹಾಕ್ಕೊಂಡು ಬಂದು ಗೋಡೆಗೆ ಅಂಟ್ಕೊಂಡು ಕೂತ್ಬಿಡ್ತಾರೆ. ಮೊಬೈಲಲ್ಲಿ ವಿಂಟರ್ ಸಾಂಗ್ ಹಾಕಿದೆ, ಹಿಮದ ಗೊಂಬೆ ಮಾಡೋದು, ಐಸ್ ಮೇಲೆ ಜಾರೋದು ಎಲ್ಲ ಇತ್ತು, ಆದ್ರೆ ಮಕ್ಳು ಬಾಯಿ ಬಿಟ್ಕೊಂಡು ಮೊಬೈಲ್ ನೋಡ್ತಾ ಕೂತ್ರು, ಒಬ್ರೂ ಎದ್ದು ಕುಣೀಲಿಲ್ಲ. ನನ್ನದೇ ತಪ್ಪಾ?

ಉತ್ತರ: ನಿಮ್ಮ ತಪ್ಪಲ್ಲ ಕಣಮ್ಮ. ಹಿಮ ಅಂದ್ರೆ ಏನು ಅಂತ ಆ ಮಕ್ಳ ಮೈಗೆ ಗೊತ್ತಿಲ್ಲ, ಮುಟ್ಟಿಲ್ಲ, ಜಾರಿಲ್ಲ, ಕೈಕಾಲಿಗೆ ನೆನಪಾಗೋಕೆ ಅಲ್ಲಿ ಏನೂ ಇಲ್ಲ, ಅದಕ್ಕೇ ಕೂತು ನೋಡ್ತಾವೆ. ಅದೇ ಬೆಳಿಗ್ಗೆ ಕಂಬಳಿ ಬಿಡೋಕೆ ಮನಸ್ಸಿಲ್ದೆ ಮುದುರ್ಕೊಂಡಿದ್ದು, ತಣ್ಣೀರು ಮುಟ್ಟಿ ಕೈ ಹಿಂದಕ್ಕೆ ಎಳ್ಕೊಂಡಿದ್ದು, ಬಾಯಿಂದ ಹೊಗೆ ಬಂದಿದ್ದು, ಅಜ್ಜಿ ಪಕ್ಕ ಒಲೆ ಮುಂದೆ ಕೂತು ಕೈ ಚಾಚಿದ್ದು, ಇವೆಲ್ಲ ಅವತ್ತೇ ಒಂದು ಗಂಟೆ ಮುಂಚೆ ಆಗಿರುತ್ತೆ. ಆಟನ ಅಲ್ಲಿಂದ ಶುರು ಮಾಡಿ. ಮಕ್ಳು ಗೋಡೆಗೆ ಅಂಟ್ಕೊಂಡು ಕೂತಿದಾವಲ್ಲ, ಎಬ್ಬಿಸೋಕೆ ಹೋಗ್ಬೇಡಿ, ನೀವೇ ಹೋಗಿ ಅವ್ರ ಪಕ್ಕ ಅದೇ ಥರ ಮುದುರ್ಕೊಂಡು ಕೂತ್ಕೊಳ್ಳಿ. ಗಡ ಗಡ ಗಡ ಅಂತ ನಡುಗಿ, ಹಲ್ಲು ಕಟ ಕಟ ಅನ್ನಿಸಿ, ಆಮೇಲೆ ಎರಡೂ ಅಂಗೈ ಉಜ್ಜಿ ಕೆನ್ನೆಗೆ ಒತ್ಕೊಳ್ಳಿ. ಗಡ ಗಡ ಮೆಲ್ಲಗೆ, ಗಡ ಗಡ ಜೋರಾಗಿ, ಗಡ ಗಡ ಬರೀ ಭುಜದಲ್ಲಿ, ಬರೀ ಮೊಣಕಾಲಲ್ಲಿ. ಇದೇ ಹಾಡು, ಇದೇ ತಾಳ. ಎರಡು ನಿಮಿಷದಲ್ಲಿ ಪಕ್ಕದ ಮಗು ಶುರು ಮಾಡುತ್ತೆ, ಅದನ್ನ ನೋಡಿ ಇನ್ನೊಂದು.

ಎದ್ದ ಮೇಲೆ ಮಂಜಿನ ಆಟ ಆಡಿ. ಹಳೇ ಬಿಳಿ ಪಂಚೆ ಒಂದಿದ್ರೆ ಸಾಕು, ನೀವೂ ಸಹಾಯಕಿಯೂ ಎರಡು ಕಡೆ ಹಿಡ್ಕೊಳ್ಳಿ, ನಾಲ್ಕೈದು ಮಕ್ಳು ಅದ್ರ ಕೆಳಗೆ ಕೂತು ಬೆಟ್ಟ ಆಗ್ಲಿ, ಉಳಿದೋರು ಸುತ್ತ ನಿಂತು ಹಾಡ್ಲಿ. ನಾನು ಕಟ್ಕೊಂಡಿರೋ ಸಾಲು ಇದು:

ನಂದಿ ಬೆಟ್ಟ ಎಲ್ಲೋಯ್ತು?
ಮಂಜಿನೊಳಗೆ ಮುಳುಗೋಯ್ತು
ಊಫ್ ಊಫ್ ಊದೋಣ
ಬೆಟ್ಟ ಎಲ್ಲಿ ನೋಡೋಣ

ಊಫ್ ಅಂದಾಗ ಎಲ್ರೂ ಉಸಿರು ತುಂಬಿ ಊದ್ಬೇಕು, ಪಂಚೆ ಸ್ವಲ್ಪ ಸ್ವಲ್ಪ ಮೇಲೇಳ್ಬೇಕು, ಕೊನೇಗೆ ಒಂದೇ ಸಲ ಎತ್ತಿಬಿಟ್ರೆ ಒಳಗಿರೋ ಬೆಟ್ಟಗಳು ಎದ್ದು ನಿಲ್ತಾವೆ. ನಂದಿ ಬೆಟ್ಟ 1478 ಮೀಟರ್ ಎತ್ತರ, ಅಷ್ಟು ದೊಡ್ಡದು ಬೆಳಿಗ್ಗೆ ಮಾಯ ಆಗಿ ಬಿಸಿಲೇರಿದ ಮೇಲೆ ವಾಪಸ್ ಬರುತ್ತಲ್ಲ, ಮೂರು ವರ್ಷದ ಮಗೂಗೆ ಇದಕ್ಕಿಂತ ದೊಡ್ಡ ಜಾದೂ ಬೇಕಾ? ನಿಮ್ಮೂರಿಂದ ನಂದಿ ಕಾಣ್ದೇ ಇದ್ರೆ ನಿಮಗೆ ಕಾಣೋ ಬೆಟ್ಟದ ಹೆಸರು ಹಾಕ್ಕೊಳ್ಳಿ. ಕತ್ತಲೆ ಅಂದ್ರೆ ಹೆದರೋ ಮಗು ಇರುತ್ತೆ, ಅದನ್ನ ಪಂಚೆ ಕೆಳಗೆ ಬಲವಂತ ಮಾಡ್ಬೇಡಿ, ಅಂಚು ಹಿಡ್ಕೊಳ್ಳೋ ಕೆಲಸ ಕೊಡಿ.

ಆ ವಿಂಟರ್ ಸಾಂಗಲ್ಲಿ ಐಸ್ ಆಗಿ ನಿಂತ್ಬಿಡೋ ಆಟ ಇರುತ್ತೆ ನೋಡಿ, ಹಾಡು ನಿಂತ ತಕ್ಷಣ ಅಲ್ಲಾಡ್ದೆ ನಿಲ್ಲೋದು. ಅದು ತುಂಬಾ ಒಳ್ಳೆ ಆಟ, ಬಿಡ್ಬೇಡಿ, ಆದ್ರೆ ಐಸ್ ಬದಲು ಕೊಬ್ಬರಿ ಎಣ್ಣೆ ಮಾಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿಯಾಗುತ್ತೆ, ನಮ್ಮ ಕಡೆ ಡಿಸೆಂಬರ್, ಜನವರಿ ಬೆಳಿಗ್ಗೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತೆ, ಹಂಗಾಗಿ ಪ್ರತಿ ಮನೇಲೂ ಬಾಟ್ಲು ಒಲೆ ಪಕ್ಕಾನೋ ಬಿಸಿಲಲ್ಲೋ ಇಟ್ಟಿರ್ತಾರೆ. ಒಂದು ಬಾಟ್ಲು ಅಂಗನವಾಡಿಗೂ ತಂದು ತೋರಿಸಿ, ಉಲ್ಟಾ ಮಾಡಿದ್ರೂ ಬೀಳಲ್ಲ ನೋಡಿ ಅನ್ನಿ, ಆಮೇಲೆ ಬಿಸಿಲಲ್ಲಿಟ್ಟು ಆಟ ಶುರು ಮಾಡಿ.

ಎಣ್ಣೆ ಎಣ್ಣೆ ಕೊಬ್ಬರಿ ಎಣ್ಣೆ
ರಾತ್ರಿ ಚಳಿಗೆ ಗಟ್ಟಿ ಬೆಣ್ಣೆ
ಬಿಸಿಲು ಬಂತು ಬೆಚ್ಚಗೆ
ಕರಗ್ತೀನಿ ನಾ ಮೆಲ್ಲಗೆ

ಮೊದಲ ಸಾಲಿಗೆ ಕುಣಿದಾಟ, ಗಟ್ಟಿ ಬೆಣ್ಣೆ ಅಂದ ತಕ್ಷಣ ಹೆಂಗಿದಾರೋ ಹಂಗೇ ನಿಲ್ಬೇಕು, ನೀವು ಮನಸ್ಸಲ್ಲೇ ಐದು ಎಣಿಸಿ, ಆಮೇಲೆ ಕೊನೇ ಎರಡು ಸಾಲು ತುಂಬಾ ನಿಧಾನ. ಮೊದ್ಲು ತಲೆ ಕರಗ್ಬೇಕು, ಆಮೇಲೆ ಭುಜ, ಸೊಂಟ, ಮೊಣಕಾಲು, ಕೊನೇಗೆ ನೆಲದ ಮೇಲೆ ಎಣ್ಣೆ ಥರ ಹರಡ್ಕೊಂಡು ಮಲಗೋದು. ನೆಲ ತಣ್ಣಗಿರುತ್ತೆ, ಜಮಖಾನ ಹಾಸಿರಿ. ಚಿಕ್ಕ ಮಕ್ಳಿಗೆ ಓಡೋದಕ್ಕಿಂತ ನಿಲ್ಲೋದೇ ಕಷ್ಟ, ಮೈಯನ್ನ ತಡೆದು ಹಿಡ್ಕೊಳ್ಳೋದು ಆ ವಯಸ್ಸಲ್ಲೇ ಬೆಳೀತಾ ಇರೋದು, ನಿಧಾನಕ್ಕೆ ಕರಗೋದು ಅದಕ್ಕಿಂತ್ಲೂ ಕಷ್ಟ. ಹಂಗಾಗಿ ಅಲ್ಲಾಡಿದ ಮಗೂನ ಔಟ್ ಅಂತ ಪಕ್ಕಕ್ಕೆ ಕೂರಿಸ್ಬೇಡಿ, ಯಾವ ಮಗೂಗೆ ಈ ಅಭ್ಯಾಸ ಬೇಕೋ ಅದನ್ನೇ ಹೊರಗೆ ಹಾಕ್ದಂಗೆ ಆಗುತ್ತೆ.

ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಮತ್ತೆ ಊಟಕ್ಕೆ ಮುಂಚೆ ಇನ್ನೊಂದು ಸಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋ ಪ್ರಕಾರ 3-4 ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷ ಓಡಾಡ್ಕೊಂಡಿರ್ಬೇಕು, ಅದ್ರಲ್ಲಿ 60 ನಿಮಿಷ ಏದುಸಿರು ಬರೋ ಹಂಗೆ, ಸ್ಕ್ರೀನ್ ಮುಂದೆ ಕೂರೋದು ಒಂದು ಗಂಟೆ ದಾಟ್ಬಾರ್ದು. ನಿಮ್ಮ ಮೊಬೈಲ್ ಬ್ಯಾಗಲ್ಲೇ ಇರ್ಲಿ, ನಿಮ್ಮ ಗಂಟಲು ಸಾಕು.

ಪ್ರಶ್ನೆ: ಮೇಡಂ, ನಾವು ತುಮಕೂರಲ್ಲಿ ಮೊದಲನೇ ಮಹಡೀಲಿ ಬಾಡಿಗೆಗಿದೀವಿ. ಮಗನಿಗೆ ಎರಡೂವರೆ ವರ್ಷ. ಹಾಡು ಹಾಕಿದ್ರೆ ಕುಣೀತಾನೆ ಆದ್ರೆ ಚಪ್ಪಾಳೆ ತಾಳಕ್ಕೆ ಸರಿಯಾಗಿ ಬೀಳಲ್ಲ, ನಾನು ಕೈ ಹಿಡಿದು ಹೊಡೆಸಿದ್ರೆ ಕೊಸರ್ಕೊಳ್ತಾನೆ. ಇನ್ನೊಂದು, ಧಡ ಧಡ ಅಂತ ಎಗರಿದ್ರೆ ಕೆಳಗಿನ ಓನರ್ ಆಂಟಿ ಬೈತಾರೆ, ಚಳೀಲಿ ಹೊರಗೂ ಕಳಿಸೋಕಾಗಲ್ಲ.

ಉತ್ತರ: ಎರಡೂವರೆ ವರ್ಷಕ್ಕೆ ಹೊರಗಿನ ತಾಳಕ್ಕೆ ಸರಿಯಾಗಿ ಚಪ್ಪಾಳೆ ಬೀಳೋದು ಅಪರೂಪ, ಚಿಂತೆ ಬೇಡ. ಮಕ್ಳ ಸ್ವಂತ ನಡೆ ನಮಗಿಂತ ಜೋರು, ಪುಟ್ಟ ಕಾಲು ಟಪ ಟಪ ಅಂತ ಬೇಗ ಬೇಗ ಬೀಳುತ್ತೆ, ನಾವು ನಮ್ಮ ನಿಧಾನಕ್ಕೆ ಹಾಡಿ ಅವ್ನು ತಪ್ಪಿದ ಅಂತೀವಿ. ಕೈ ಹಿಡಿದು ಹೊಡೆಸೋದು ಬಿಟ್ಬಿಡಿ. ಅವ್ನು ನಡೀಲಿ, ಅವ್ನ ಹೆಜ್ಜೆ ನೋಡ್ಕೊಂಡು ನೀವು ಡಬ್ಬ ಬಡೀರಿ, ಅವ್ನು ಓಡಿದ್ರೆ ನೀವೂ ಜೋರು, ನಿಂತ್ರೆ ನೀವೂ ಗಪ್‌ಚುಪ್. ಎರಡು ದಿನದಲ್ಲಿ ಅವ್ನಿಗೆ ಗೊತ್ತಾಗುತ್ತೆ ಅಮ್ಮನ ಡಬ್ಬ ನನ್ನ ಕಾಲಿನ ಮಾತು ಕೇಳುತ್ತೆ ಅಂತ, ಆಗ ಬೇಕಂತಲೇ ನಿಲ್ಲೋದು, ಓಡೋದು ಮಾಡ್ತಾನೆ, ತಾಳ ಕಲಿಯೋದು ಅಲ್ಲಿಂದಲೇ. ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್ ಡಾಲ್ಕ್ರೋಜ್ ಅನ್ನೋ ಸಂಗೀತದ ಮೇಷ್ಟ್ರು 1890ರ ದಶಕದಲ್ಲಿ ಜಿನೀವಾದಲ್ಲಿ ಪಾಠ ಮಾಡೋವಾಗ, ದೊಡ್ಡ ವಿದ್ಯಾರ್ಥಿಗಳಿಗೇ ಲಯ ಮೈಯಲ್ಲಿ ಇಲ್ಲ ಅನ್ನೋದನ್ನ ಕಂಡು ಅವ್ರನ್ನ ಸಂಗೀತಕ್ಕೆ ತಕ್ಕಂಗೆ ನಡೆಯೋಕೆ ಹಚ್ಚಿದ್ರು. ದೊಡ್ಡೋರಿಗೇ ನಡಿಗೆಯಿಂದ ಶುರು ಮಾಡಿದ್ರು ಅಂದ್ಮೇಲೆ ನಿಮ್ಮ ಮಗನಿಗೆ ಆತುರ ಏನು?

ಸದ್ದಿಲ್ಲದ ಆಟ ಬೇಕು ಅಂದ್ರೆ ಎರಡು ಹಳೇ ಕಾಲುಚೀಲ ಹಾಕಿ ಟೈಲ್ಸ್ ಮೇಲೆ ಜಾರಿಸಿ, ನೀವು ಎರಡೂ ಕೈ ಹಿಡ್ಕೊಂಡಿರಿ, ಮೂಲೆ ಇರೋ ಟೀಪಾಯ್ ಸರಿಸಿರಿ. ಎಗರೋ ಆಸೆಗೆ ಹಾಸಿಗೆ ಮೇಲೆ ಒಂದರ ಮೇಲೊಂದು ರಗ್ಗು ಹಾಕಿ ಅದ್ರಲ್ಲಿ ಅವನನ್ನ ಚಪಾತಿ ರೋಲ್ ಥರ ಸುತ್ತಿ, ಮುಖ ಹೊರಗಿರ್ಲಿ, ಆಮೇಲೆ ಬಿಚ್ಕೋ ಬಿಚ್ಕೋ ಅಂತ ಹಾಡ್ತಾ ಉರುಳಿಸಿ. ಮೈಗೆಲ್ಲ ಒತ್ತಡ ಸಿಗುತ್ತೆ, ಅದು ಅವಕ್ಕೆ ತುಂಬಾ ಇಷ್ಟ, ಆಂಟಿಗೂ ಸದ್ದು ಕೇಳ್ಸಲ್ಲ.

ಪ್ರಶ್ನೆ: ಮಾಲೂರಿನಿಂದ ಬರೀತಿದೀನಿ. ಮೊಮ್ಮಗಳಿಗೆ 4 ವರ್ಷ, ಚಳಿ ಬಂದ್ರೆ ಎದೇಲಿ ಸುಂಯ್ ಸುಂಯ್ ಅನ್ನುತ್ತೆ. ಸೊಸೆ ಬೆಳಿಗ್ಗೆನೇ ಹಾಡು ಹಾಕಿ ಕುಣಿಸ್ತಾಳೆ, ಬೆವರಿ ಶೀತ ಆಗಲ್ವಾ? ರೂಮಲ್ಲಿ ಕೆಂಡದ ಬಾಂಡ್ಲಿ ಇಟ್ಟು ಆಡಿಸಿದ್ರೆ ಹೆಂಗೆ?

ಉತ್ತರ: ಅಮ್ಮ, ಕೆಂಡ ಮಾತ್ರ ಬೇಡ, ದಯವಿಟ್ಟು. ಬಾಗಿಲು ಮುಚ್ಚಿದ ರೂಮಲ್ಲಿ ಕೆಂಡ ಇಟ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ತುಂಬ್ಕೊಳ್ಳುತ್ತೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದಂಗಾಗಿ ಜೀವಾನೇ ಹೋಗ್ಬಹುದು, ಹೊಗೆ ಬೇರೆ ಉಬ್ಬಸ ಜಾಸ್ತಿ ಮಾಡುತ್ತೆ. ಶೀತ ಬರೋದು ವೈರಸ್ಸಿಂದ, ಬೆವರಿಂದಲ್ಲ. ಆದ್ರೆ ನೀವು ಹೇಳಿದ್ರಲ್ಲಿ ಒಂದು ನಿಜ ಇದೆ, ಉಬ್ಬಸ ಇರೋ ಮಕ್ಳಿಗೆ ತಣ್ಣನೆ ಗಾಳೀಲಿ ಒಂದೇ ಸಲ ಜೋರಾಗಿ ಕುಣಿದ್ರೆ ಸುಂಯ್ ಅನ್ನೋದು ಶುರುವಾಗ್ಬಹುದು. ಅದಕ್ಕೆ ಸೊಸೇಗೆ ಹೇಳಿ, ಬಿಸಿಲು ಬಂದ ಮೇಲೆ ಆಡಿಸ್ಲಿ, ಮೊದಲ ಐದು ನಿಮಿಷ ಕೂತು ಮಾಡೋ ಹಾಡು, ಕೈ ಉಜ್ಜೋದು, ಅವರೆಕಾಯಿ ಸುಲಿಯೋ ಆಟ, ಆಮೇಲೆ ನಿಧಾನ ನಡಿಗೆ, ಕೊನೇಗೆ ಕುಣಿತ, ಮತ್ತೆ ನಿಧಾನಕ್ಕೆ ಇಳಿಸೋದು. ಮೈ ಬಿಸಿಯಾದ್ರೆ ಸ್ವೆಟರ್ ಬಿಚ್ಚಿ, ಮುಗಿದ ಮೇಲೆ ಬೆವರು ಒರೆಸಿ ಹಾಕಿ. ಡಾಕ್ಟರ್ ಇನ್ಹೇಲರ್ ಕೊಟ್ಟಿದ್ರೆ ಅವ್ರು ಹೇಳಿದಂಗೆ ತಪ್ಪಿಸ್ಬೇಡಿ, ಕುಣಿಯೋವಾಗ ಕೆಮ್ಮಿ ಕೆಮ್ಮಿ ನಿಲ್ತಿದ್ರೆ ಅವರಿಗೇ ತೋರ್ಸಿ.

ಅವರೆಕಾಯಿ ಅಂದೆನಲ್ಲ, ಅದನ್ನ ನೀವೇ ಮಾಡಿಸಿ, ಸೊಸೆಗಿಂತ ನಿಮಗೆ ಚೆನ್ನಾಗಿ ಗೊತ್ತು. ಸುಲಿ ಸುಲಿ ಸುಲಿ ಅಂತ ಬೆರಳಿನ ಮೇಲೆ ಬೆರಳು ಜಾರಿಸೋದು, ನೆನೆಸಿದ ಕಾಳು ಹಿತುಕಿದಂಗೆ ಹೆಬ್ಬೆರಳು ತೋರುಬೆರಳು ಒತ್ತೋದು, ಚಿಟುಕ್ ಅಂದ ತಕ್ಷಣ ಬೇಳೆ ಹಾರಿದಂಗೆ ಕೈ ಮೇಲೆತ್ತೋದು. ಹಿತಕಬೇಳೆ ಸಾರಿಗೆ ಕಾಳು ಹಿತುಕೋವಾಗ ಪಕ್ಕದಲ್ಲೇ ಕೂರಿಸ್ಕೊಂಡು ನಿಜವಾಗ್ಲೂ ಮಾಡಿಸಿ, ಪೆನ್ಸಿಲ್ ಹಿಡಿಯೋ ಬೆರಳಿಗೆ ಅದಕ್ಕಿಂತ ಒಳ್ಳೆ ಅಭ್ಯಾಸ ನಾನು ಕಂಡಿಲ್ಲ. ಕಾಳು ಬಾಯಿಗೆ ಮೂಗಿಗೆ ಹಾಕ್ಕೊಳ್ದಂಗೆ ಕಣ್ಣಿಟ್ಟಿರಿ ಅಷ್ಟೇ.

ಪ್ರಶ್ನೆ: ನಾನು ಕೋಲಾರದ ಒಂದು ಪ್ರೈವೇಟ್ ಸ್ಕೂಲಲ್ಲಿ ಯುಕೆಜಿ ಟೀಚರ್. ಸ್ಕೂಲ್ ಡೇಗೆ ವಿಂಟರ್ ಥೀಮ್ ಅಂತ ಫಿಕ್ಸ್ ಮಾಡಿದಾರೆ. ಸ್ಟೇಜ್ ತುಂಬಾ ಹತ್ತಿ, ಮೇಲಿಂದ ಥರ್ಮಾಕೋಲ್ ಚೂರು ಉದುರಿಸ್ಬೇಕಂತೆ. ಬೇರೆ ಐಡಿಯಾ ಕೊಡಿ ಮ್ಯಾಮ್.

ಉತ್ತರ: ಥರ್ಮಾಕೋಲ್ ಬೇಡ್ವೇ ಬೇಡ ಅಂತ ಮ್ಯಾನೇಜ್‌ಮೆಂಟಿಗೆ ಗಟ್ಟಿಯಾಗಿ ಹೇಳಿ. ನಾನು ಮೊದ್ಲು ಕೆಲಸ ಮಾಡ್ತಿದ್ದ ಕಡೆ ಹಿಂಗೇ ಉದುರಿಸಿದ್ರು, ಒಂದು ಮಗು ಸ್ಟೇಜಲ್ಲೇ ಮೂಗಿಗೆ ಗುಂಡು ಹಾಕ್ಕೊಂಡು ಡಾಕ್ಟರ್ ಹತ್ರ ಓಡಿದ್ವಿ, ಆ ಮಗು ಅಮ್ಮನ ಮುಖ ನನಗೆ ಇವತ್ತಿಗೂ ಕಣ್ಮುಂದೆ ಬರುತ್ತೆ. ಹಿಮ ಬೇಕೇ ಬೇಕು ಅಂದ್ರೆ ಬಿಳಿ ಕರ್ಚೀಫ್ ಮೇಲಕ್ಕೆಸೆದು ಅದು ಇಳಿಯೋವಷ್ಟೇ ನಿಧಾನಕ್ಕೆ ಮಕ್ಳೂ ಕೂರೋದು ಮಾಡಿಸಿ, ಪೇಪರ್ ಪ್ಲೇಟ್ ಮೇಲೆ ಕಾಲಿಟ್ಟು ಸ್ಕೇಟಿಂಗ್ ಥರ ಜಾರೋದು ಮಾಡಿಸಿ, ಯುಕೆಜಿ ಮಕ್ಳು ಅದನ್ನ ಖುಷಿಯಾಗಿ ಮಾಡ್ತಾವೆ. ಆದ್ರೆ ಥೀಮ್ ವಿಂಟರ್ ಅಂತ ತಾನೇ ಹೇಳಿರೋದು, ಯಾವ ದೇಶದ್ದು ಅಂತ ಹೇಳಿಲ್ವಲ್ಲ.

ನಮ್ಮದೊಂದು ಮಾಡಿ, ತಮಟೆ ಕಾಯಿಸೋದು. ಚರ್ಮದ ತಮಟೆ ಚಳಿಗೆ, ಇಬ್ಬನಿಗೆ ತೇವ ಎಳ್ಕೊಂಡು ಸಡಿಲ ಆಗುತ್ತೆ, ಬಡಿದ್ರೆ ದಬ್ ದಬ್ ಅಂತ ಸತ್ತ ಸದ್ದು. ಹುಲ್ಲಿಗೆ ಬೆಂಕಿ ಹಾಕಿ ಕಾಯಿಸಿದ್ರೆ ಚರ್ಮ ಬಿಗಿದು ಠಣ್ ಠಣ್ ಅನ್ನುತ್ತೆ. ಇದನ್ನೇ ಮಕ್ಳ ಮೈಯಲ್ಲಿ ತನ್ನಿ. ಶುರೂಲಿ ಎಲ್ರೂ ತಣ್ಣಗಾದ ತಮಟೆಗಳು, ಭುಜ ಜೋಲು, ಮೊಣಕಾಲು ಬಗ್ಗಿಸಿ ಭಾರವಾಗಿ ನಡೀತಾವೆ, ಹಿನ್ನೆಲೇಲಿ ದಬ್... ದಬ್... ಮಧ್ಯದಲ್ಲಿ ಕೆಂಪು, ಕೇಸರಿ ದುಪಟ್ಟಾ ಹಿಡಿದ ನಾಲ್ಕು ಮಕ್ಳು ಬೆಂಕಿ, ಉಳಿದೋರು ಸುತ್ತ ಬಂದು ಅಂಗೈ ತೋರಿಸ್ತಾ, ಬೆನ್ನು ತಿರುಗಿಸ್ತಾ ಕಾಯ್ಕೋತಾರೆ, ಬೆನ್ನು ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತೆ, ಕಾಲು ಬಿಗಿಯಾಗುತ್ತೆ, ಆಮೇಲೆ ಠಣ್ ಅಂದ ತಕ್ಷಣ ಎಲ್ಲಾ ಎಗರಿ ಕುಣಿತ. ಬೆಂಕಿ ದುಪಟ್ಟಾದ್ದು ಮಾತ್ರ, ನಿಜವಾದ್ದು ಸ್ಟೇಜ್ ಹತ್ರಾನೂ ಬೇಡ. ತಮಟೆ ಬಡಿಯೋರು ನಿಮ್ಮ ಸುತ್ತಮುತ್ತ ಹಳ್ಳೀಲೇ ಇರ್ತಾರೆ, ಒಬ್ರನ್ನ ಗೌರವದಿಂದ ಕರೆಸಿ, ಸಂಭಾವನೆ ಕೊಡಿ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಇದೇ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು, ಅದನ್ನ ಮೈಕಲ್ಲಿ ಹೇಳಿ, ಕೂತಿರೋ ಅಪ್ಪ-ಅಮ್ಮಂದಿರಿಗೂ ಗೊತ್ತಾಗ್ಲಿ. ಮುಚ್ಚಿದ ಹಾಲಲ್ಲಾದ್ರೆ ಸದ್ದು ಮಕ್ಳ ಕಿವಿಗೆ ತುಂಬಾ ಆಗುತ್ತೆ, ಬಡಿಯೋರನ್ನ ಸ್ಟೇಜಿನ ಒಂದು ಪಕ್ಕಕ್ಕೆ ದೂರ ನಿಲ್ಲಿಸಿ.

ಇನ್ನೂ ಟೈಮ್ ಉಳಿದ್ರೆ ಸಂಕ್ರಾಂತೀಲಿ ಮಕ್ಳ ತಲೆ ಮೇಲೆ ಎಳಚಿ ಹಣ್ಣು, ಕಬ್ಬಿನ ತುಂಡು, ಕಾಸು ಸುರೀತೀವಲ್ಲ, ಅದನ್ನ ಹಣ್ಣಿನ ಬದಲು ಬಣ್ಣದ ಬಟ್ಟೆ ಉಂಡೆ ಹಾಕಿ ಮಾಡಿ. ಮೇಲಿಂದ ಏನಾದ್ರೂ ಉದುರ್ಬೇಕು ಅನ್ನೋ ಅವ್ರ ಆಸೆಯೂ ತೀರುತ್ತೆ.

ಪ್ರಶ್ನೆ: ಬಾಗೇಪಲ್ಲಿ ಹತ್ರದ ನಮ್ಮೂರ ಮಕ್ಳಿಗೆ ಮನೇಲಿ ತೆಲುಗು. ಕನ್ನಡ ಹಾಡು ಹೇಳ್ಕೊಟ್ರೆ ಸುಮ್ನೆ ನಿಲ್ತಾವೆ. ಶಾಲೆಗೆ ಹೋಗೋಷ್ಟ್ರಲ್ಲಿ ಕನ್ನಡ ಬರ್ಬೇಕಲ್ವಾ?

ಉತ್ತರ: ಬರುತ್ತೆ, ಅವಸರ ಬೇಡ. ಮೊದ್ಲು ಅವ್ರ ಮನೆ ಮಾತಲ್ಲೇ ಚಲಿ ಚಲಿ ಅಂತ ನಡುಗ್ಲಿ, ಮಾರನೇ ದಿನ ಅದೇ ನಡುಕಕ್ಕೆ ಚಳಿ ಚಳಿ ಅನ್ನಿ. ಮೈ ಅದೇ ಕೆಲಸ ಮಾಡ್ತಿರುತ್ತೆ, ಮಾತು ಮಾತ್ರ ಬದಲಾಗಿರುತ್ತೆ, ಅರ್ಥ ಬಿಡಿಸಿ ಹೇಳೋ ಅಗತ್ಯಾನೇ ಬೀಳಲ್ಲ. ಅಜ್ಜಿಯಂದಿರನ್ನ ಕರೆದು ಅವರಿಗೆ ಗೊತ್ತಿರೋ ತೆಲುಗು ಪದ ಹಾಡಿಸಿ, ಉರ್ದು ಮನೆ ಮಕ್ಳಿದ್ರೆ ಅವರದ್ದೂ ಒಂದು ಸಾಲು ಸೇರಿಸಿ.

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಮಗಳಿಗೆ 5 ವರ್ಷ, ಅವಳಮ್ಮ ಕೆಲಸಕ್ಕೆ ಹೋಗೋದ್ರಿಂದ ಬೆಳಿಗ್ಗೆ ನನ್ನ ಜೊತೇನೇ ಇರ್ತಾಳೆ. ಅವಳ ಜೊತೆ ಹಾಡಿ ಆಡೋಕೆ ಆಸೆ, ಆದ್ರೆ ನನ್ನ ಗಂಟಲು ಚೆನ್ನಾಗಿಲ್ಲ, ಹಾಡೂ ಬರಲ್ಲ. ಏನು ಮಾಡ್ಬಹುದು ಮೇಡಂ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿ ಆಯ್ತು ಅಣ್ಣ, ಈ ಅಂಕಣಕ್ಕೆ ಅಪ್ಪಂದಿರು ಬರೆಯೋದೇ ಕಮ್ಮಿ. ಗಂಟಲಿನ ವಿಷಯ ಬೇಗ ಮುಗಿಸ್ತೀನಿ. ಗಂಡಸರ ದನಿ ದಪ್ಪ, ಮಕ್ಳು ಅದೇ ಶ್ರುತಿ ಹಿಡಿಯೋಕೆ ಹೋಗಿ ದನಿ ಸಿಗ್ದೆ ಗೊಗ್ಗರು ಮಾಡ್ಕೋತಾವೆ, ಹಂಗಾಗಿ ಸ್ವಲ್ಪ ಎತ್ತರದಲ್ಲಿ ಮೆಲ್ಲಗೆ ಹಾಡಿ. ಎರಡು ಸ್ವರ ಸಾಕು, ದೂರದಲ್ಲಿರೋ ಮಗೂನ ಹೆಸರು ಹಿಡಿದು ಕೂಗೋವಾಗ ಮೊದಲ ಅಕ್ಷರ ಮೇಲೆ, ಎರಡನೇದು ಸ್ವಲ್ಪ ಕೆಳಗೆ ಬರುತ್ತಲ್ಲ, ಆ ಇಳಿಕೆ ಮೇಲೇ ಯಾವ ಮಾತು ಬೇಕಾದ್ರೂ ಹಾಡ್ಬಹುದು.

ಆಟ ಹುಡುಕ್ಕೊಂಡು ನೀವು ಎಲ್ಲೂ ಹೋಗೋದು ಬೇಡ, ಹುಳುವಿನ ಮನೇಲೇ ಇದೆ. ಚಳಿಗಾಲದಲ್ಲಿ ಚಾಕಿ ಹುಳುಗೆ, ಅಂದ್ರೆ ಎಳೇ ರೇಷ್ಮೆ ಹುಳುಗೆ, ಬೆಚ್ಚಗಿರ್ಬೇಕು, 27-28 ಡಿಗ್ರಿ ಬೇಕು ಅಂತ ನೀವು ಒದ್ದಾಡ್ತೀರಲ್ಲ, ಮಗಳು ಅದನ್ನೆಲ್ಲ ನೋಡಿರ್ತಾಳೆ. ಅವಳನ್ನ ಹುಳು ಮಾಡಿ, ನೀವೂ ಹುಳು ಆಗಿ. ಕಂಬಳಿ ಒಳಗೆ ಇಬ್ರೂ ಸೇರ್ಕೊಂಡು, ಕರ ಕರ ಸೊಪ್ಪು, ಚರ ಚರ ಸೊಪ್ಪು ಅಂತ ತಲೆ ಆಡಿಸ್ತಾ ತೆವಳಿ. ಆಮೇಲೆ ಒಂದನೇ ಜ್ವರ ಅಂತ ಕೂಗಿ. ಹುಳು ಜ್ವರಕ್ಕೆ, ಅಂದ್ರೆ ಚರ್ಮ ಬಿಡೋಕೆ, ಕೂತಾಗ ತಿನ್ನೋದು ಬಿಟ್ಟು ತಲೆ ಮೇಲೆತ್ತಿ ಅಲ್ಲಾಡ್ದೆ ಇರುತ್ತಲ್ಲ, ಹಂಗೇ ಇಬ್ರೂ ಕತ್ತೆತ್ತಿ ಗಪ್ ಅಂತ ಕೂರ್ಬೇಕು. ನೀವು ಹತ್ತು ಎಣಿಸಿ. ಜ್ವರ ಎದ್ದ ಮೇಲೆ ಹಳೇ ಚರ್ಮ ಬಿಚ್ಚಿದಂಗೆ ಒಂದೊಂದೇ ಬಿಚ್ಕೊಂಡು ಹೊರಗೆ ಬನ್ನಿ, ಮೊದ್ಲು ಕಂಬಳಿ, ಎರಡನೇ ಜ್ವರಕ್ಕೆ ಟೋಪಿ, ಮೂರಕ್ಕೆ ಶಾಲು, ನಾಲ್ಕಕ್ಕೆ ಸ್ವೆಟರ್, ಅಷ್ಟೊತ್ತಿಗೆ ಮೈ ತಾನಾಗೇ ಬಿಸಿಯಾಗಿರುತ್ತೆ. ಪ್ರತಿ ಜ್ವರ ಆದ ಮೇಲೆ ಹುಳು ದೊಡ್ಡದಾಗುತ್ತೆ, ಹಂಗೇ ಕರ ಕರನೂ ಜೋರಾಗ್ಬೇಕು, ಮೊದಲ ಹಂತದಲ್ಲಿ ಪಿಸುಮಾತು, ಐದನೇ ಹಂತಕ್ಕೆ ಮನೆ ತುಂಬಾ ಸದ್ದು. ಕೊನೇಗೆ ಹಣ್ಣಾದ ಹುಳು ಚಂದ್ರಿಕೆ, ಅಂದ್ರೆ ಗೂಡು ಕಟ್ಟೋ ತಟ್ಟೆ, ಹತ್ಬೇಕು, ಮಂಚದ ಮೇಲೆ ಹತ್ತಿಸಿ, ಅಲ್ಲಿ ತಲೇನ ಇಂಗ್ಲಿಷ್ ಎಂಟರ ಥರ ಆ ಕಡೆ ಈ ಕಡೆ ತಿರುಗಿಸ್ತಾ ನೂಲು ಬಿಡೋದು, ಹುಳು ಮಾಡೋದೂ ಅದೇ. ಇಲ್ಲಿ ಹಾಡು ತುಂಬಾ ನಿಧಾನ ಆಗ್ಲಿ, ದನಿ ಸಣ್ಣಗಾಗ್ಲಿ. ಕಂಬಳಿ ಮತ್ತೆ ಸುತ್ಕೊಂಡ್ರೆ ಗೂಡು.

ಗೂಡು ಎಷ್ಟು ಹೊತ್ತಿಗೆ ಬಿಚ್ಬೇಕು ಅನ್ನೋದನ್ನ ಅವಳೇ ಹೇಳ್ಲಿ.